ಹಳೇ ಲಿವರ್ ರೈಫಲ್‌ಗೆ ಅದರ ಕಾಲದ್ದೇ ಸ್ಕೋಪ್: ಜೋಡಿ ಕೂಡಿಸುವ ದಾರಿ

ಲಿವರ್ ರೈಫಲ್ ಅಂದರೆ ಕೆಳಗಿನ ಸನ್ನೆ (ಲಿವರ್) ಎಳೆದು ಖಾಲಿ ತೋಟಾ ಹೊರಹಾಕಿ ಹೊಸದು ತುಂಬುವ ಬಂದೂಕು. ಸ್ಕೋಪ್ ಅಂದರೆ ಅದರ ಮೇಲೆ ಕೂರುವ, ಗುರಿ ನೋಡುವ ದುರ್ಬೀನು. ಮೊದಲೇ ಹೇಳಿಬಿಡುತ್ತೇನೆ: ರೈಫಲ್ ಹುಡುಕಲು ಹೊರಡಬೇಡಿ, ಮೌಂಟ್ ಹುಡುಕಿ. ರೈಫಲ್ ಸಿಗುತ್ತದೆ. ಸ್ಕೋಪ್ ಕೂಡ ಸಿಗುತ್ತದೆ. ಎರಡನ್ನೂ ಹಿಡಿದಿಡುವ ಆ ಪುಟ್ಟ ಉಕ್ಕಿನ ತುಂಡು ಮಾತ್ರ ವರ್ಷಗಟ್ಟಲೆ ಕಾದರೂ ಕಣ್ಣಿಗೆ ಬೀಳುವುದಿಲ್ಲ. ಹೊಸದಾಗಿ ಈ ಹುಚ್ಚು ಹತ್ತಿದವರು ಇದನ್ನು ತಿರುವುಮುರುವು ಮಾಡುತ್ತಾರೆ. ಚಂದದ ಒಂದು ಸ್ಯಾವೇಜ್ 99 ತರುತ್ತಾರೆ, ಆಮೇಲೆ ಇಬೇಯಲ್ಲಿ ಹಳೇ ವೀವರ್ ಸ್ಕೋಪ್ ಕೊಳ್ಳುತ್ತಾರೆ, ಆಮೇಲೆ ಇವೆರಡನ್ನೂ ಕೂಡಿಸುವ ಮೌಂಟ್ ಸಿಗದೆ ಪೇಚಾಡಿ, ಕೊನೆಗೆ ತಾಳ್ಮೆಗೆಟ್ಟು ಗನ್‌ಸ್ಮಿತ್ (ಬಂದೂಕು ರಿಪೇರಿಯವನು) ಹತ್ತಿರ ಹೋಗಿ ಆ ಚಂದದ ರೈಫಲ್‌ಗೆ ಹೊಸ ತೂತು ಕೊರೆಸುತ್ತಾರೆ. ಅಷ್ಟೇ, ಮುಗಿಯಿತು. ಎಪ್ಪತ್ತು, ಎಂಬತ್ತು ವರ್ಷ ಯಾರೂ ಮುಟ್ಟದೆ ಉಳಿದಿದ್ದ ಮಾಲು ಒಂದು ಮಧ್ಯಾಹ್ನದಲ್ಲಿ ಬೆಲೆ ಕಳೆದುಕೊಳ್ಳುತ್ತದೆ.

ಈ ರೈಫಲ್‌ಗಳ ಊರು ಅಮೆರಿಕ. ವಿಂಚೆಸ್ಟರ್ ಕನೆಕ್ಟಿಕಟ್‌ನ ನ್ಯೂ ಹೇವನ್‌ನದು, ಮಾರ್ಲಿನ್ ಕೂಡ ಅಲ್ಲಿಯದೇ, ಸ್ಯಾವೇಜ್ ನ್ಯೂಯಾರ್ಕ್ ರಾಜ್ಯದ ಯುಟಿಕಾದ್ದು. ಹಾಗಾಗಿ ನಾನು ಬರೆಯುತ್ತಿರುವುದು ಮುಖ್ಯವಾಗಿ ಅಲ್ಲಿ ನೆಲೆಸಿರುವ ಕನ್ನಡಿಗರಿಗೆ. ಊರಲ್ಲಿ ಕೂತು ಓದುವವರಿಗೂ ಒಂದು ನಂಟಿದೆ ಅನ್ನಿ: ಬೆಂಗಳೂರಿನ ಬೇಟೆಗಾರ ಕೆನೆತ್ ಆಂಡರ್ಸನ್ ಕಾಡಿಗೆ ಒಯ್ಯುತ್ತಿದ್ದ .405 ವಿಂಚೆಸ್ಟರ್ ಇದೆಯಲ್ಲ, ಅದು 1895ರ ಮಾಡೆಲ್‌ನ ಲಿವರ್ ರೈಫಲ್ಲೇ.

ಕಾನೂನಿನ ಮಾತು ಮೊದಲು ಮುಗಿಸೋಣ

ಅಮೆರಿಕದ ಫೆಡರಲ್ ಕಾನೂನಿನಲ್ಲಿ 1898ರಲ್ಲಿ ಅಥವಾ ಅದಕ್ಕೂ ಮೊದಲು ತಯಾರಾದ ಬಂದೂಕು ‘ಆಂಟಿಕ್’. ಅದನ್ನು ಕೊಳ್ಳಲು ಲೈಸೆನ್ಸ್ ಇರುವ ಡೀಲರ್ ಮೂಲಕವೇ ಹೋಗಬೇಕು ಅಂತಿಲ್ಲ. ಆದರೆ ರಾಜ್ಯಗಳ ಕಾನೂನು ಬೇರೆ ಬೇರೆ. ನ್ಯೂಜೆರ್ಸಿಯಲ್ಲಿ ಇರುವವರು ಟೆಕ್ಸಾಸ್‌ನ ಸ್ನೇಹಿತ ಹೇಳಿದ್ದನ್ನು ನಂಬಿ ಕೂರಬಾರದು.

ಇಲ್ಲಿ ಎಲ್ಲರೂ ಎಡವುವ ಒಂದು ಜಾಗ ಇದೆ. ಬಂದೂಕಿನ ಮೇಲೆ ‘ಮಾಡೆಲ್ 1894’ ಅಂತ ಕೆತ್ತಿದ್ದರೆ ಅದು 1894ರಲ್ಲಿ ಹುಟ್ಟಿದ್ದು ಅಂತ ಅರ್ಥ ಅಲ್ಲ. ವಿಂಚೆಸ್ಟರ್ 94 ನ್ಯೂ ಹೇವನ್ ಕಾರ್ಖಾನೆಯಲ್ಲಿ 2006ರವರೆಗೂ ತಯಾರಾಗುತ್ತಲೇ ಇತ್ತು. ನೋಡಬೇಕಾದ್ದು ಸೀರಿಯಲ್ ನಂಬರ್. ಇನ್ನು ಸ್ಯಾವೇಜ್ 1899ರ (99ರ ಮೊದಲ ಹೆಸರು ಇದೇ) ಕಥೆ ಕೇಳಿ, ಹೆಸರಲ್ಲೇ ಒಂದು ವರ್ಷಕ್ಕೆ ಗಡಿ ತಪ್ಪಿಸಿಕೊಂಡಿದೆ. ನಿಜವಾಗಿ ಆಂಟಿಕ್ ಗಡಿಯೊಳಗೆ ಬರುವ ಸ್ಯಾವೇಜ್ ಬೇಕೆಂದರೆ ಅದರ ಹಿಂದಿನ 1895ರ ಮಾಡೆಲ್ಲೇ ಆಗಬೇಕು, ಅದು ಅಪರೂಪ, ಬೆಲೆಯೂ ಅದಕ್ಕೆ ತಕ್ಕಂತೆ.

1899ರಲ್ಲಿ ಅಥವಾ ಅದರ ನಂತರ ತಯಾರಾದದ್ದು, ಆದರೆ 50 ವರ್ಷ ದಾಟಿದ್ದು ‘ಕ್ಯೂರಿಯೋ ಅಂಡ್ ರೆಲಿಕ್’ ಗುಂಪಿಗೆ ಬರುತ್ತದೆ. ಸಂಗ್ರಹಕಾರರಿಗೆ ಅಂತಲೇ ಒಂದು ಲೈಸೆನ್ಸ್ ಇದೆ, ಟೈಪ್ 03, ಮೂರು ವರ್ಷಕ್ಕೆ 30 ಡಾಲರ್. ಇದಿದ್ದರೆ ಬೇರೆ ರಾಜ್ಯದಿಂದ ಇಂಥ ರೈಫಲ್ ನೇರವಾಗಿ ತರಿಸಿಕೊಳ್ಳಬಹುದು, ಬಂದದ್ದು ಹೋದದ್ದನ್ನೆಲ್ಲ ಒಂದು ಪುಸ್ತಕದಲ್ಲಿ ಬರೆದಿಡಬೇಕು. ಎರಡು ಮೂರು ರೈಫಲ್ ದಾಟುವ ಯೋಚನೆ ಇದ್ದರೆ ಸುಮ್ನೆ ಮಾಡಿಸಿಕೊಳ್ಳಿ.

ಈಗ ನಮ್ಮವರಿಗೆ ಅತಿ ಮುಖ್ಯವಾದದ್ದು. ಎಚ್-1ಬಿ, ಎಫ್-1 ಥರದ ತಾತ್ಕಾಲಿಕ ವೀಸಾದಲ್ಲಿ ಇರುವವರು ಬಂದೂಕನ್ನಾಗಲಿ ತೋಟಾವನ್ನಾಗಲಿ ಇಟ್ಟುಕೊಳ್ಳುವುದನ್ನು ಫೆಡರಲ್ ಕಾನೂನು ನಿಷೇಧಿಸುತ್ತದೆ. ಕೆಲವು ವಿನಾಯಿತಿಗಳಿವೆ, ಹೆಚ್ಚು ಜನ ಬಳಸುವುದು ಯಾವುದಾದರೂ ರಾಜ್ಯ ಕೊಟ್ಟ, ಅವಧಿ ಮುಗಿಯದ ಬೇಟೆ ಪರವಾನಗಿ. ಗ್ರೀನ್ ಕಾರ್ಡ್ ಇದ್ದವರಿಗೆ ಈ ತೊಡಕಿಲ್ಲ. ಶೆಲ್ಫಿನ ಮೇಲಿಡುವ ಹಳೇ ಮಾಲು ಅಲ್ವಾ, ಯಾರು ಕೇಳುತ್ತಾರೆ ಅಂದುಕೊಳ್ಳಬೇಡಿ. 1920ರ ರೈಫಲ್ ಕಾನೂನಿನ ಕಣ್ಣಲ್ಲಿ ನಿನ್ನೆ ತಯಾರಾದ ರೈಫಲ್‌ನಷ್ಟೇ ಬಂದೂಕು. ವೀಸಾ ಕೈಯಲ್ಲಿ ಇರುವಾಗ ಸ್ಕೋಪ್ ಮತ್ತು ಮೌಂಟ್ ಮಾತ್ರ ಕೂಡಿಸುತ್ತಾ ಹೋಗಿ, ಅವು ಬಂದೂಕಲ್ಲ. ಮೊದಲು ಮೌಂಟ್ ಹುಡುಕಿ ಅಂದೆನಲ್ಲ, ಅದಕ್ಕೂ ಇದು ಸರಿಹೋಗುತ್ತದೆ.

ಊರಿಗೆ ತರುವ ಆಸೆ ಇದ್ದರೆ ಈಗಲೇ ಬಿಟ್ಟುಬಿಡಿ. ನಮ್ಮಲ್ಲಿ ಆರ್ಮ್ಸ್ ಆಕ್ಟ್ ಪ್ರಕಾರ ಲೈಸೆನ್ಸ್ ಬೇಕು, 2019ರ ತಿದ್ದುಪಡಿಯ ನಂತರ ಒಬ್ಬರಿಗೆ ಎರಡೇ ಬಂದೂಕು. ಕೊಡವರಿಗೆ ಲೈಸೆನ್ಸ್‌ನಿಂದ ವಿನಾಯಿತಿ ಇದೆ, ಅದನ್ನು 2029ರವರೆಗೆ ಮುಂದುವರಿಸಿದ್ದಾರೆ ಕೂಡ. ಆದರೆ ಅದು ಅಮೆರಿಕದಿಂದ ರೈಫಲ್ ಹೊತ್ತು ತರುವ ದಾರಿಯಲ್ಲ. ಬರೀ ಸ್ಕೋಪ್ ಆದರೂ ಅಮೆರಿಕದಿಂದ ಹೊರಗೆ ಕಳಿಸಲು ರಫ್ತು ನಿಯಮಗಳಿವೆ, ಪಾರ್ಸಲ್‌ನಲ್ಲಿ ಹಾಕಿ ಕಳಿಸಿಬಿಡುವ ವಸ್ತು ಅಲ್ಲ.

ಖಾಲಿ ತೋಟಾ ಯಾವ ಕಡೆ ಹಾರುತ್ತದೆ?

ಯಾವ ರೈಫಲ್‌ಗೆ ಯಾವ ಸ್ಕೋಪ್ ಅನ್ನುವುದೆಲ್ಲ ಈ ಒಂದು ಪ್ರಶ್ನೆಯ ಮೇಲೆ ನಿಂತಿದೆ. ವಿಂಚೆಸ್ಟರ್‌ನ ಹಳೇ ಲಿವರ್ ರೈಫಲ್‌ಗಳಲ್ಲಿ, ಅಂದರೆ 1873, 1886, 1892, 1894, 1895 ಎಲ್ಲದರಲ್ಲೂ, ಲಿವರ್ ಎಳೆದಾಗ ಖಾಲಿ ತೋಟಾ ಮೇಲಕ್ಕೆ ಹಾರುತ್ತದೆ. ಸ್ಕೋಪ್ ಕೂರಬೇಕಾದ ಜಾಗಕ್ಕೇ ಸರಿಯಾಗಿ! ನಡು ಮೇಲೆ ಸ್ಕೋಪ್ ಕೂರಿಸಿದರೆ ತೋಟಾ ಅದಕ್ಕೆ ಬಡಿದು ಮತ್ತೆ ಒಳಗೇ ಬೀಳುತ್ತದೆ. ಅದಕ್ಕೇ ಆ ಕಾಲದವರು ಸ್ಕೋಪನ್ನು ಎಡಗಡೆಗೆ ಸರಿಸಿ, ಪಕ್ಕದ ಮೌಂಟ್‌ನಲ್ಲಿ ಕೂರಿಸುತ್ತಿದ್ದರು. ನೋಡಲು ಸ್ವಲ್ಪ ಸೊಟ್ಟ. ಕೆನ್ನೆ ಇಡುವ ಜಾಗವೂ ಸರಿಯಾಗಿ ಸಿಗುವುದಿಲ್ಲ. ಆದರೂ ವಿಂಚೆಸ್ಟರ್ ಮೇಲೆ ಸ್ಕೋಪ್ ನಟ್ಟನಡುವೆ ಕೂತಿರುವುದನ್ನು ಕಂಡರೆ ಅನುಮಾನ ಪಡಿ: ಒಂದೋ ಅದು 1980ರ ದಶಕದಲ್ಲಿ ತೋಟಾ ಓರೆಯಾಗಿ ಹಾರುವಂತೆ ಬದಲಾಯಿಸಿದ ಮೇಲಿನ 94, ಇಲ್ಲವೇ ಯಾರೋ ಬರೀ ಮಾರಾಟಕ್ಕೆ ಅಂತ ಅಂಟಿಸಿದ ಜೋಡಿ.

ಮಾರ್ಲಿನ್ ಇದನ್ನು ಬೇಗ ಸರಿಮಾಡಿಕೊಂಡಿತು. 1889ರ ಮಾಡೆಲ್‌ನಿಂದ ಅದರ ರಿಸೀವರ್‌ನ (ಬಂದೂಕಿನ ಯಂತ್ರಭಾಗ ಕೂರುವ ನಡುಮೈ) ಮೇಲ್ಭಾಗ ಪೂರ್ತಿ ಮುಚ್ಚಿದ್ದು, ತೋಟಾ ಬಲಗಡೆಗೆ ಹಾರುತ್ತದೆ. 1893ರದ್ದು ಸಂಗ್ರಹಕ್ಕೆ ಒಳ್ಳೆಯ ರೈಫಲ್. ಒಂದೇ ತೊಡಕು, ಹ್ಯಾಮರ್ (ತೋಟಾ ಸಿಡಿಸುವ ಪುಟ್ಟ ಸುತ್ತಿಗೆ) ಹೊರಗಡೆ ಇದೆ, ಸ್ಕೋಪ್ ತಗ್ಗಾಗಿ ಕೂತರೆ ಹೆಬ್ಬೆರಳು ಸಿಕ್ಕಿಕೊಳ್ಳುತ್ತದೆ.

ನನ್ನ ಮತ ಸ್ಯಾವೇಜ್‌ಗೆ, ಇದರಲ್ಲಿ ಮುಚ್ಚುಮರೆ ಏನಿಲ್ಲ. ಜಮೈಕಾದಲ್ಲಿ ಹುಟ್ಟಿದ ಆರ್ಥರ್ ಸ್ಯಾವೇಜ್ ಮಾಡಿದ ಈ ರೈಫಲ್‌ನಲ್ಲಿ ಹೊರಗೆ ಹ್ಯಾಮರ್ ಇಲ್ಲ, ಮೇಲ್ಭಾಗ ಗಟ್ಟಿ, ತೋಟಾ ಪಕ್ಕಕ್ಕೆ ಹಾರುತ್ತದೆ. ಸ್ಕೋಪ್ ಕೂರಿಸಲೆಂದೇ ಹುಟ್ಟಿದ ಹಾಗಿದೆ, ಆದರೆ ಅದು ಹುಟ್ಟಿದಾಗ ಬೇಟೆಗಾರರು ಸ್ಕೋಪ್ ಬಗ್ಗೆ ತಲೆ ಕೆಡಿಸಿಕೊಂಡಿರಲೇ ಇಲ್ಲ. ಒಳಗೆ ನಳಿಗೆಯ ಕೆಳಗಿನ ಉದ್ದ ಕೊಳವೆಯ ಬದಲು ತಿರುಗುವ ಮ್ಯಾಗಜೀನ್. ಕೊಳವೆ ಮ್ಯಾಗಜೀನ್‌ನಲ್ಲಿ ಒಂದು ಗುಂಡಿನ ಮೂತಿ ಮುಂದಿನ ತೋಟಾದ ಬೆನ್ನಿಗೆ ತಾಗಿ ಕೂರುವುದರಿಂದ ಮೊಂಡ ಗುಂಡೇ ಬೇಕು, ಸ್ಯಾವೇಜ್‌ನಲ್ಲಿ ಚೂಪು ಗುಂಡು ಹಾಕಬಹುದಿತ್ತು. ಅದರಿಂದಾಗಿಯೇ 1915ರಲ್ಲಿ .250-3000 ಅನ್ನುವ ತೋಟಾ ಬಂತು, 87 ಗ್ರೇನ್ (ಗುಂಡಿನ ತೂಕದ ಅಳತೆ) ಗುಂಡು ಸೆಕೆಂಡಿಗೆ 3000 ಅಡಿ. 1920ರಲ್ಲಿ .300 ಸ್ಯಾವೇಜ್. ಇಷ್ಟು ದೂರ ಹೊಡೆಯುವ ತೋಟಾ ಬಂದ ಮೇಲೆ ದೂರ ನೋಡುವ ಸ್ಕೋಪ್ ಬೇಕು ಅನ್ನಿಸುವುದು ಸಹಜ ತಾನೆ. ಹಾಗಾಗಿ ಸ್ಯಾವೇಜ್ ಮೇಲೆ 1920, 30ರ ದಶಕದ ಸ್ಕೋಪ್ ಕಂಡರೆ ಅದು ನಂಬುವ ಮಾತು. 1873ರ ವಿಂಚೆಸ್ಟರ್‌ನ ಪಿಸ್ತೂಲ್ ತೋಟಾಕ್ಕೆ ಅಷ್ಟುದ್ದದ ಸ್ಕೋಪ್ ಯಾಕೆ ಅಂತ ನೀವೇ ಕೇಳಿಕೊಳ್ಳಿ.

ಸ್ಯಾವೇಜ್ 99ರ ವಯಸ್ಸು ಹಿಡಿಯಲು ಒಂದು ಸುಲಭದ ಗುರುತು: 1949ರಿಂದ ಲಿವರ್‌ನ ಬುಡದಲ್ಲಿ ಒಂದು ಪುಟ್ಟ ಅಂಡಾಕಾರದೊಳಗೆ ಇಂಗ್ಲಿಷ್ ಅಕ್ಷರ ಒತ್ತಿರುತ್ತಾರೆ. ‘ಎ’ ಅಂದರೆ 1949, ‘ಬಿ’ ಅಂದರೆ 1950, ಹೀಗೆ ಮುಂದಕ್ಕೆ. ಅಕ್ಷರವೇ ಇಲ್ಲದಿದ್ದರೆ ಸೀರಿಯಲ್ ನಂಬರ್ ಪಟ್ಟಿ ನೋಡಬೇಕು. ಸುಮಾರು 1950ರಿಂದ ಕಾರ್ಖಾನೆಯೇ ಮೇಲ್ಗಡೆ ಸ್ಕೋಪ್‌ಗೆ ತೂತು ಕೊರೆದು ಕಳಿಸತೊಡಗಿತು. ಅದಕ್ಕಿಂತ ಹಳೆಯದರ ಮೇಲೆ ತೂತು ಇದ್ದರೆ ಆಮೇಲೆ ಯಾರೋ ಕೊರೆಸಿದ್ದು ಅಂತಲೇ ಲೆಕ್ಕ.

ಸ್ಕೋಪ್‌ಗಳಲ್ಲಿ ಯಾವುದು ಯಾವ ಕಾಲದ್ದು

ತೀರಾ ಹಳೆಯದು ಮಾಲ್ಕಂ. ವಿಲಿಯಂ ಮಾಲ್ಕಂ 1855ರಲ್ಲಿ ನ್ಯೂಯಾರ್ಕ್‌ನ ಸಿರಕ್ಯೂಸ್‌ನಲ್ಲಿ ಶುರುಮಾಡಿದ್ದು, ನಳಿಗೆಯಷ್ಟೇ ಉದ್ದದ ಸಪೂರ ಕೊಳವೆ. 1901ರಲ್ಲಿ ಸ್ಟೀವನ್ಸ್ ಅನ್ನುವ ಬಂದೂಕು ಕಂಪನಿ ಬಫೆಲೋದ ಕ್ಯಾಟರ್ಯಾಕ್ಟ್ ಅನ್ನುವ ಸ್ಕೋಪ್ ಕಂಪನಿಯನ್ನು ಕೊಂಡು ತಾನೇ ತಯಾರಿಸತೊಡಗಿತು. 1890ರ ದಶಕದ ವಿಂಚೆಸ್ಟರ್, ಮಾರ್ಲಿನ್‌ಗೆ ನಿಜವಾಗಿ ಹೊಂದುವುದು ಇಂಥವು. ಆದರೆ ಈಗ ಮಾರುಕಟ್ಟೆಯಲ್ಲಿ ಮಾಲ್ಕಂ ಹೆಸರಿನ ಹೊಸ ನಕಲುಗಳು ತುಂಬಿವೆ. ಬಳಸಲು ಅವು ಚೆನ್ನಾಗಿಯೇ ಇವೆ, ನಕಲು ಅಂತ ಹೇಳಿ ಮಾರಿದರೆ ತಪ್ಪೇನಿಲ್ಲ. ತೊಂದರೆ ಏನೆಂದರೆ ಹತ್ತು ಹದಿನೈದು ವರ್ಷ ಕೈ ಬದಲಾದ ಮೇಲೆ ಅದರ ಬಣ್ಣ ಮಾಸಿ, ಮಾರುವವನಿಗೇ ಅದು ನಕಲು ಅನ್ನುವುದು ಗೊತ್ತಿರುವುದಿಲ್ಲ.

ಇದನ್ನು ಹಿಡಿಯಲು ಸುಲಭದ ಪರೀಕ್ಷೆ ಇದೆ. ಮುಂದಿನ ಲೆನ್ಸ್‌ನಲ್ಲಿ ಮನೆಯ ಬಿಳಿ ಬಲ್ಬ್‌ನ ಪ್ರತಿಬಿಂಬ ನೋಡಿ. ಬಿಂಬ ಬರೀ ಬಿಳಿ ಇದ್ದರೆ ಲೆನ್ಸ್‌ಗೆ ಲೇಪ ಇಲ್ಲ. ನೇರಳೆ, ನೀಲಿ ಅಥವಾ ಕೆಂಪುಹಳದಿ ಛಾಯೆ ಕಂಡರೆ ಲೇಪ ಇದೆ. ಲೆನ್ಸ್‌ಗೆ ಲೇಪ ಹಚ್ಚುವ ವಿದ್ಯೆಯನ್ನು ಜರ್ಮನಿಯ ತ್ಸೈಸ್ ಕಂಪನಿ ಕಂಡುಕೊಂಡದ್ದು 1935ರಲ್ಲಿ, ಅಮೆರಿಕದ ಬೇಟೆ ಸ್ಕೋಪ್‌ಗಳಿಗೆ ಅದು ಬಂದದ್ದು ಎರಡನೇ ಮಹಾಯುದ್ಧ ಮುಗಿದ ಮೇಲೆ. ಹಾಗಾಗಿ ‘1880ರ ಮಾಲ್ಕಂ’ ನೇರಳೆ ಬಣ್ಣ ಹೊಳೆದರೆ ನಮಸ್ಕಾರ ಹೇಳಿ ಮುಂದೆ ಹೋಗಿ.

ಆಮೇಲೆ ಬರುವುದು ವಿಂಚೆಸ್ಟರ್ ಎ5. 1910ರ ಹೊತ್ತಿಗೆ ಬಂತು, ಐದು ಪಟ್ಟು ದೊಡ್ಡದಾಗಿ ತೋರಿಸುತ್ತದೆ, ಮುಕ್ಕಾಲು ಇಂಚಿನ ಕೊಳವೆ. ಮೊದಲ ಮಹಾಯುದ್ಧದಲ್ಲಿ ಅಮೆರಿಕದ ಮರೀನ್‌ಗಳು ಸ್ಪ್ರಿಂಗ್‌ಫೀಲ್ಡ್ ರೈಫಲ್ ಮೇಲೆ ಇದನ್ನೇ ಹಾಕಿದ್ದರು. 1928ರಲ್ಲಿ ವಿಂಚೆಸ್ಟರ್ ಇದನ್ನು ಲೈಮನ್ ಕಂಪನಿಗೆ ಮಾರಿತು, ಆಮೇಲೆ ಅದೇ ಲೈಮನ್ 5ಎ ಆಯಿತು. ಗುರಿ ತಿದ್ದುವ ತಿರುಪುಗಳು ಸ್ಕೋಪ್ ಒಳಗಿಲ್ಲ, ಹೊರಗೆ ಮೌಂಟ್‌ನಲ್ಲಿವೆ. ಹೊಡೆದಾಗ ಕೊಳವೆ ಮೌಂಟ್‌ನಲ್ಲಿ ಜಾರುತ್ತದೆ, ಪ್ರತಿ ಸಲ ಕೈಯಿಂದ ಹಿಂದಕ್ಕೆ ಎಳೆದುಕೊಳ್ಳಬೇಕು. ಪಟಪಟ ಲಿವರ್ ಎಳೆದು ಎರಡನೇ ಗುಂಡು ಹೊಡೆಯುವ ರೈಫಲ್‌ಗೆ ಇಂಥ ಸ್ಕೋಪ್! ಎತ್ತು ಏರಿಗೆ, ಕೋಣ ನೀರಿಗೆ. ಆದರೂ ಹಾಕಿಕೊಂಡವರಿದ್ದರು, ಹಾಗಾಗಿ ಸಂಗ್ರಹದಲ್ಲಿ ಅದಕ್ಕೆ ಜಾಗ ಇದೆ.

ನಿಜವಾದ ಬೇಟೆ ಸ್ಕೋಪ್ ಜನರ ಕೈಗೆ ಎಟುಕಿದ್ದು 1930ರಲ್ಲಿ. ಬಿಲ್ ವೀವರ್ ಅನ್ನುವವನು ಕೆಂಟಕಿಯ ನ್ಯೂಪೋರ್ಟ್‌ನಲ್ಲಿ 3-30 ಅನ್ನುವ ಮೂರು ಪಟ್ಟಿನ ಸ್ಕೋಪ್ ಮಾಡಿ ಮೌಂಟ್ ಸಮೇತ 19 ಡಾಲರ್‌ಗೆ ಮಾರಿದ. ಆಗ ಜರ್ಮನ್ ಸ್ಕೋಪ್‌ಗಳು ಸಾಮಾನ್ಯ ಬೇಟೆಗಾರನಿಗೆ ಎಟುಕುವ ಬೆಲೆಯಲ್ಲಿ ಇರಲಿಲ್ಲ. 1933ರಲ್ಲಿ ಟೆಕ್ಸಾಸ್‌ನ ಎಲ್ ಪಾಸೋಗೆ ಹೋದ, ಕಂಪನಿ ಅಲ್ಲೇ ಬೆಳೆಯಿತು. 330 ಮತ್ತು 440 ಮಾಡೆಲ್‌ಗಳು ಇವತ್ತಿಗೂ ಸಿಗುತ್ತವೆ, 1947ರಿಂದ ಬಂದ ‘ಕೆ’ ಸರಣಿಯಂತೂ ಧಾರಾಳ. ಕಾಸು ಕಡಿಮೆ ಇದ್ದವರು ಶುರುಮಾಡಬೇಕಾದ್ದು ಇಲ್ಲೇ: ಎರಡನೇ ಮಹಾಯುದ್ಧಕ್ಕೆ ಮುಂಚಿನ 99ಕ್ಕೆ ವೀವರ್ 330, ಯುದ್ಧದ ನಂತರದ್ದಕ್ಕೆ ವೀವರ್ ಕೆ2.5 ಅಥವಾ ಕೆ4.

ಒಂದು ಎಚ್ಚರಿಕೆ. ವೀವರ್ 330 ಎರಡನೇ ಮಹಾಯುದ್ಧದಲ್ಲಿ ಎಂ73ಬಿ1 ಅನ್ನುವ ಹೆಸರಲ್ಲಿ ಅಮೆರಿಕದ ಸೇನೆಗೂ ಹೋಯಿತು. ಸೇನೆಯ ಗುರುತು ಇರುವುದಕ್ಕೆ ಮಿಲಿಟರಿ ಸಂಗ್ರಹಕಾರರು ಮುಗಿಬೀಳುತ್ತಾರೆ, ಆ ಗುರುತನ್ನು ನಕಲಿ ಮಾಡುವವರೂ ಇದ್ದಾರೆ. ಬೇಟೆ ರೈಫಲ್‌ಗೆ ನಿಮಗೆ ಬೇಕಾದ್ದು ಗುರುತಿಲ್ಲದ ಸಾದಾ 330. ಅದು ಅಗ್ಗವೂ ಹೌದು, ಸರಿಯಾದದ್ದೂ ಹೌದು. ಇದೇ ಮಾತು 1930ರ ದಶಕದ ಕೊನೆಯಲ್ಲಿ ಬಂದ ಲೈಮನ್ ಅಲಾಸ್ಕನ್‌ಗೂ ಸಲ್ಲುತ್ತದೆ. ಎರಡೂವರೆ ಪಟ್ಟು, ಬಾಶ್ ಅಂಡ್ ಲಾಂಬ್ ಲೆನ್ಸ್, ಗಟ್ಟಿಮುಟ್ಟಾದ ಉಕ್ಕಿನ ಮೈ. ಲಿವರ್ ರೈಫಲ್‌ಗೆ ಇದಕ್ಕಿಂತ ಚೆನ್ನಾಗಿ ಒಪ್ಪುವ ಹಳೇ ಸ್ಕೋಪ್ ಇನ್ನೊಂದಿಲ್ಲ ಅನ್ನುವುದು ನನ್ನ ಅಭಿಪ್ರಾಯ. ಕ್ಯಾಲಿಫೋರ್ನಿಯಾದ ನೋಸ್ಕೆ, ಜರ್ಮನಿಯ ತ್ಸೈಸ್, ಹೆನ್ಸೋಲ್ಟ್ ಇವೆಲ್ಲ ಇನ್ನೂ ಮೇಲಿನ ದರ್ಜೆಯವು, ಸಿಕ್ಕಾಗ ನೋಡಿಕೊಳ್ಳಿ.

ಕೊಳವೆಯ ವ್ಯಾಸ ಮರೆಯಬೇಡಿ. ಎ5, ವೀವರ್ 330 ಮುಕ್ಕಾಲು ಇಂಚು. ಅಲಾಸ್ಕನ್ ಒಂದು ಇಂಚಿನಲ್ಲಿ ಎಂಟನೇ ಏಳು ಭಾಗ. ವೀವರ್ ಕೆ ಸರಣಿ ಒಂದು ಇಂಚು. ಜರ್ಮನ್ನರದ್ದು ಮಿಲಿಮೀಟರ್ ಲೆಕ್ಕ. ಒಂದರ ರಿಂಗ್ (ಕೊಳವೆಯನ್ನು ಸುತ್ತಿ ಹಿಡಿಯುವ ಮೌಂಟ್‌ನ ಬಳೆ) ಇನ್ನೊಂದಕ್ಕೆ ಆಗುವುದಿಲ್ಲ. ಅಲಾಸ್ಕನ್ ಅಳತೆಯ ರಿಂಗ್ ಹುಡುಕುವುದರಲ್ಲಿ ಸಾಕುಬೇಕಾಗುತ್ತದೆ, ಆದ್ದರಿಂದ ರಿಂಗ್ ಸಮೇತ ಮಾರುವ ಅಲಾಸ್ಕನ್‌ಗೆ ಸ್ವಲ್ಪ ಜಾಸ್ತಿ ಕೊಟ್ಟರೂ ನಷ್ಟವಿಲ್ಲ.

ಮೌಂಟ್, ಮತ್ತು ಆ ತೂತುಗಳು

ಹಳೇ ಮೌಂಟ್‌ಗಳಲ್ಲಿ ಎರಡು ಜಾತಿ: ಕೊರೆಯಬೇಕಾದ್ದು, ಕೊರೆಯದೆ ಕೂರುವುದು. ಎರಡನೇ ಜಾತಿಯ ರಾಜ ಟೆಕ್ಸಾಸ್‌ನ ಸ್ಯಾನ್ ಆಂಟೋನಿಯೋದ ಸ್ಟಿತ್. ರೈಫಲ್‌ನಲ್ಲಿ ಮೊದಲೇ ಇರುವ ಸೈಟ್‌ನ (ಬರಿಗಣ್ಣಲ್ಲಿ ಗುರಿ ಹಿಡಿಯುವ ಗುರುತು) ಜಾಗ, ಮೊದಲೇ ಇರುವ ಸ್ಕ್ರೂ ತೂತುಗಳನ್ನೇ ಬಳಸಿಕೊಂಡು ಕೂರುವಂತೆ ಇವನ್ನು ಮಾಡಿದ್ದರು. ಸ್ಯಾವೇಜ್ 99ಕ್ಕೆ ಆಗುವ ಸ್ಟಿತ್ ಮೌಂಟ್ ಸಿಕ್ಕರೆ ಚೌಕಾಸಿ ಮಾಡುತ್ತಾ ನಿಲ್ಲಬೇಡಿ, ಇನ್ನೊಬ್ಬ ಎತ್ತಿಕೊಂಡು ಹೋಗುತ್ತಾನೆ. ಕೊಳ್ಳುವ ಮುಂಚೆ ಎರಡು ವಿಷಯ ಕೇಳಿ: ಯಾವ ಮಾಡೆಲ್‌ಗೆ ಮಾಡಿದ್ದು, ಯಾವ ಕೊಳವೆಗೆ ಮಾಡಿದ್ದು. ಸ್ಟಿತ್ ವಿಂಚೆಸ್ಟರ್ 70ಕ್ಕೂ ಮಾಡುತ್ತಿತ್ತು. ಅದು ಲಿವರ್ ರೈಫಲ್ ಅಲ್ಲ, ಅದರ ಮೌಂಟ್ ನಿಮಗೆ ಬೇಡ.

ಕೊರೆಯುವ ಜಾತಿಯಲ್ಲಿ ನ್ಯೂಯಾರ್ಕ್‌ನ ಗ್ರಿಫಿನ್ ಅಂಡ್ ಹೌ ಪಕ್ಕದ ಮೌಂಟ್ ಎಲ್ಲಕ್ಕಿಂತ ಮೇಲು. ರಿಸೀವರ್‌ನ ಎಡಮೈಗೆ ಒಂದು ಪಟ್ಟಿ ಸ್ಕ್ರೂ ಹಾಕಿ ಕೂರಿಸಿ, ಸ್ಕೋಪ್ ಹೊತ್ತ ಮೇಲ್ಭಾಗವನ್ನು ಅದರ ಮೇಲೆ ಜಾರಿಸಿ ಲಿವರ್‌ಗಳಿಂದ ಬಿಗಿಯುವುದು. ಬೇಕಾದಾಗ ತೆಗೆದು ಚೀಲಕ್ಕೆ ಹಾಕಿಕೊಳ್ಳಬಹುದು. ಇದರಲ್ಲಿ ಪಟ್ಟಿ ಒಂದು ಕಡೆ, ಮೇಲ್ಭಾಗ ಇನ್ನೊಂದು ಕಡೆ ಕೊಂಡು ಕೂಡಿಸುವ ಸಾಹಸ ಬೇಡ. ಎರಡೂ ಚೆನ್ನಾಗಿ ಕೂರುತ್ತವೆ ಅನ್ನುವ ಭರವಸೆ ಇಲ್ಲ. ವೀವರ್‌ನ ಪಕ್ಕದ ಮೌಂಟ್ ಬಡವನ ಗ್ರಿಫಿನ್ ಅಂಡ್ ಹೌ, ವಿಂಚೆಸ್ಟರ್ 94ರ ಮೇಲೆ ಕಾಣುವುದು ಹೆಚ್ಚಾಗಿ ಅದೇ. ಕೊಲರಾಡೋದ ಡೆನ್ವರ್‌ನ ರೆಡ್‌ಫೀಲ್ಡ್ ಮೌಂಟ್‌ಗಳು ಯುದ್ಧದ ನಂತರದ 99ಗಳಿಗೆ ಒಪ್ಪುತ್ತವೆ.

ಈಗ ನಾನು ಎಲ್ಲರಿಗೂ ಹೇಳುವ ಮಾತು. ತೂತಿಲ್ಲದ ರೈಫಲ್ ನಿಮ್ಮ ಹತ್ತಿರ ಇದ್ದರೆ ಅದನ್ನು ಹಾಗೇ ಬಿಡಿ, ಅದರ ಪಾಡಿಗೆ ಅದು ಬೆಲೆ ಬಾಳುತ್ತದೆ. ಸ್ಕೋಪ್ ಜೋಡಿಗೆ ಅಂತ ಬೇರೆಯದೇ ರೈಫಲ್ ಕೊಳ್ಳಿ, ಅದೂ ಹಿಂದೆ ಯಾರೋ ಕೊರೆಸಿ ಹಾಳುಮಾಡಿದ್ದನ್ನು. ಶುದ್ಧ ಮಾಲು ಹುಡುಕುವ ಸಂಗ್ರಹಕಾರರು ಎಡಮೈಯಲ್ಲಿ ನಾಲ್ಕು ತೂತು ಕಂಡರೆ ಮೂಗು ಮುರಿದು ಹೋಗುತ್ತಾರೆ, ಬೆಲೆ ಬಿದ್ದಿರುತ್ತದೆ. ನಿಮಗೆ ಬೇಕಾದ್ದು ಅದೇ ತಾನೆ! ಆ ತೂತುಗಳ ಅಂತರ ಅಳತೆ ಮಾಡಿ. ಆ ಅಂತರ ಯಾವ ಹಳೇ ಮೌಂಟ್‌ಗೆ ಹೊಂದುತ್ತದೆ ನೋಡಿ. ಹಾಗೆ ನೋಡುತ್ತಾ ಹೋದರೆ 1930, 40ರ ದಶಕದಲ್ಲಿ ಆ ರೈಫಲ್ ಮೇಲೆ ನಿಜವಾಗಿ ಯಾವ ಸ್ಕೋಪ್ ಇತ್ತು ಅನ್ನುವುದನ್ನು ಹೆಚ್ಚುಕಡಿಮೆ ಪತ್ತೆಹಚ್ಚಬಹುದು. ಕಳಚಿಹೋದದ್ದನ್ನು ಮತ್ತೆ ಅದೇ ಜಾಗಕ್ಕೆ ತಂದು ಕೂರಿಸುವುದೇ ಈ ಹವ್ಯಾಸದ ನಿಜವಾದ ಮಜಾ, ನನ್ನ ಮಟ್ಟಿಗೆ. ಹೊಸ ತೂತು ಕೊರೆದು ಹಳೇ ಸ್ಕೋಪ್ ಹಾಕಿದರೆ ಅದು ವೇಷ ಅಷ್ಟೇ.

ಅಮೆರಿಕದ ಮೌಂಟ್ ಸ್ಕ್ರೂಗಳು ಸಾಮಾನ್ಯವಾಗಿ 6-48 ಎಳೆಯವು, ಅಂದರೆ 6ನೇ ನಂಬರ್ ಸ್ಕ್ರೂ, ಇಂಚಿಗೆ 48 ಎಳೆ. ಹಳೇ ತೂತಿಗೆ ಸ್ಕ್ರೂ ಸಲೀಸಾಗಿ ಹೋಗದಿದ್ದರೆ ಒತ್ತಾಯ ಮಾಡಬೇಡಿ, ಹಿಂದಿನವರು ಕೈಗೆ ಸಿಕ್ಕ ಟ್ಯಾಪ್ (ತೂತಿನೊಳಗೆ ಎಳೆ ಕೊರೆಯುವ ಉಪಕರಣ) ಹಾಕಿರುತ್ತಾರೆ. ಸ್ಕ್ರೂ ತಲೆಯ ಸೀಳಿಗೆ ಸರಿಯಾಗಿ ತುಂಬಿ ಕೂರುವ ಸ್ಕ್ರೂಡ್ರೈವರ್ ಬಳಸಿ. ಚೂರು ಸಣ್ಣದು ಹಾಕಿ ತಿರುಗಿಸಿದಿರೋ, ಸೀಳು ಕಿತ್ತು ಬರುತ್ತದೆ, ನೋಡಿದವರಿಗೆಲ್ಲ ಗೊತ್ತಾಗುತ್ತದೆ. ಮುಕ್ಕಾಲು ಇಂಚಿನ ಕೊಳವೆಗಳ ಗೋಡೆ ತೆಳು, ರಿಂಗ್ ಜಾಸ್ತಿ ಬಿಗಿದರೆ ನೆಗ್ಗುತ್ತದೆ.

ಕೈಗೆ ಸಿಕ್ಕಾಗ ನೋಡಬೇಕಾದ್ದು

ಎಲ್ಲಕ್ಕಿಂತ ಮೊದಲು ಖಾಲಿ ಇದೆಯಾ ನೋಡಿ. ಲಿವರ್ ಪೂರ್ತಿ ಎಳೆದು ತೋಟಾ ಕೂರುವ ಜಾಗಕ್ಕೆ ಬೆರಳಿಟ್ಟು ನೋಡಬೇಕು. ಸ್ಯಾವೇಜ್‌ನ ಎಡಮೈಯಲ್ಲಿ ಎಷ್ಟು ತೋಟಾ ಉಳಿದಿದೆ ಅಂತ ತೋರಿಸುವ ಪುಟ್ಟ ಕಿಂಡಿ ಇರುತ್ತದೆ, ಅದು ಸೊನ್ನೆ ತೋರಿಸಿತು ಅಂತ ಸುಮ್ಮನಾಗಬೇಡಿ. ಅದು ಮ್ಯಾಗಜೀನ್ ಲೆಕ್ಕ ಮಾತ್ರ, ನಳಿಗೆಯಲ್ಲಿ ಕೂತಿರುವ ತೋಟಾ ಅದರ ಲೆಕ್ಕಕ್ಕೆ ಬರುವುದಿಲ್ಲ. ವಿಂಚೆಸ್ಟರ್, ಮಾರ್ಲಿನ್‌ನ ಕೊಳವೆ ಮ್ಯಾಗಜೀನ್‌ನಲ್ಲಿ ದಶಕಗಳ ಹಿಂದಿನ ತೋಟಾ ಸಿಕ್ಕಿಕೊಂಡಿರುವುದೂ ಉಂಟು.

ಆಮೇಲೆ ಮರ. ಸ್ಯಾವೇಜ್ 99ರಲ್ಲಿ ಕಬ್ಬಿಣದ ಬಾಲ ಮರದೊಳಗೆ ಸೇರುವ ಜಾಗದ ಹಿಂದೆ ಸೀಳು ಬರುವುದು ಬಹಳ ಸಾಮಾನ್ಯ, ಬೆಳಕಿಗೆ ಹಿಡಿದು ನೋಡಿ. ಮರದ ಹಿಂತುದಿಯಲ್ಲಿ ಹೆಗಲಿಗೆ ತಾಗುವ ತಗಡು ಬಿಚ್ಚಲು ಒಪ್ಪಿದರೆ ಬಿಚ್ಚಿಸಿ, ಹಳೇ ಸ್ಯಾವೇಜ್‌ಗಳಲ್ಲಿ ಮರದ ಒಳಗೆ ರೈಫಲ್‌ನ ಸೀರಿಯಲ್ ನಂಬರ್ ಒತ್ತಿರುತ್ತಾರೆ. ಅದು ರಿಸೀವರ್ ನಂಬರ್‌ಗೆ ಹೊಂದಿದರೆ ಮರ ಬದಲಾಗಿಲ್ಲ. ಲಿವರ್ ರೈಫಲ್‌ನ ಹಿಡಿ ತಗ್ಗು, ಸ್ಕೋಪ್‌ಗೆ ಕಣ್ಣು ಎಟುಕಿಸಲು ಆಗಿನವರು ಲಾಡಿ ಬಿಗಿಯುವ ಚರ್ಮದ ಮೆತ್ತೆ ಕಟ್ಟುತ್ತಿದ್ದರು. ಅಂಥ ಮೆತ್ತೆ ಉಳಿದಿದ್ದರೆ ಅದು ಒಳ್ಳೇ ಸಾಕ್ಷಿ, ಗಲೀಜು ಅಂತ ಕಿತ್ತು ಬಿಸಾಡಬೇಡಿ.

ಕಬ್ಬಿಣಕ್ಕೆ ಮರುಬಣ್ಣ ಹಾಕಿದ್ದಾರಾ ಅನ್ನುವುದು ಮೂಲೆಗಳಲ್ಲಿ ಗೊತ್ತಾಗುತ್ತದೆ. ಅಂಚುಗಳು ಮೊಂಡಾಗಿರುತ್ತವೆ, ಅಕ್ಷರಗಳು ಮಸುಕು, ಸ್ಕ್ರೂ ತೂತಿನ ಸುತ್ತ ತಟ್ಟೆಯಂತೆ ತಗ್ಗು. ತೂತುಗಳನ್ನು ಬೆಸುಗೆ ಹಾಕಿ ಮುಚ್ಚಿ ಬಣ್ಣ ಹಾಕಿದ್ದರೆ ಓರೆ ಬೆಳಕಿನಲ್ಲಿ ಆ ವೃತ್ತ ಬೇರೆ ಛಾಯೆಯಲ್ಲಿ ಕಾಣುತ್ತದೆ.

ಸ್ಕೋಪ್ ಒಳಗೆ ಆಕಾಶದ ಕಡೆ ನೋಡಿ. ಲೆನ್ಸ್ ಅಂಚಿನಲ್ಲಿ ಗರಿ ಹರಡಿದ ಹಾಗೆ, ಕಾಮನಬಿಲ್ಲಿನ ಬಣ್ಣ ಕಂಡರೆ ಜೋಡಿ ಲೆನ್ಸ್‌ಗಳನ್ನು ಅಂಟಿಸಿದ್ದ ಬಾಲ್ಸಂ ಅಂಟು ಬಿಡುತ್ತಿದೆ ಅಂತ ಅರ್ಥ. ರಿಪೇರಿ ಆಗುತ್ತದೆ, ದುಬಾರಿ. ಗುರಿಯ ಅಡ್ಡಗೆರೆ ನಡುವಿನಲ್ಲಿ ಇಲ್ಲದೆ ಮೂಲೆಗೆ ಸರಿದಿದ್ದರೆ ಹೆದರಬೇಡಿ. ಒಳಗೇ ಗುರಿ ತಿದ್ದುವ ಆಗಿನ ಸ್ಕೋಪ್‌ಗಳಲ್ಲಿ ತಿರುಪು ತಿರುಗಿಸಿದರೆ ಗೆರೆಯೇ ಜರುಗುತ್ತಿತ್ತು, ಈಗಿನವುಗಳ ಹಾಗೆ ಸದಾ ನಡುವೆ ನಿಲ್ಲುತ್ತಿರಲಿಲ್ಲ. ಗೆರೆ ತೀರಾ ಮೂಲೆಯಲ್ಲಿದೆ ಅಂದರೆ ಹಿಂದಿನ ಮಾಲೀಕನ ಮೌಂಟ್ ಸೊಟ್ಟ ಇತ್ತು ಅಂತ ತಿಳಿಯಿರಿ. ಒಳಗೆ ಮಂಜು ಕಟ್ಟಿದ್ದೂ ಮಾಮೂಲು, ಇವು ಗಾಳಿ ಹೋಗದಂತೆ ಮುಚ್ಚಿದ ಸ್ಕೋಪ್‌ಗಳಲ್ಲ.

ಕೊಳ್ಳುವ ಜಾಗ, ಕಾಗದಪತ್ರ

ರೈಫಲ್‌ಗೆ ಗನ್‌ಬ್ರೋಕರ್ ಅನ್ನುವ ಆನ್‌ಲೈನ್ ಹರಾಜು ತಾಣ, ರಾಕ್ ಐಲ್ಯಾಂಡ್‌ನಂಥ ಹರಾಜು ಸಂಸ್ಥೆಗಳು, ಒಕ್ಲಹೋಮಾದ ಟಲ್ಸಾದಲ್ಲಿ ನಡೆಯುವ ದೊಡ್ಡ ಗನ್ ಶೋ. ಮೌಂಟ್‌ಗೆ ಗನ್ ಶೋಗಳ ಮೂಲೆ ಟೇಬಲ್‌ಗಳೇ ವಾಸಿ, ಡಬ್ಬಿಯಲ್ಲಿ ರಾಶಿ ಹಾಕಿರುತ್ತಾರೆ, ಮಾರುವವನಿಗೇ ಯಾವುದು ಯಾವುದಕ್ಕೆ ಅಂತ ಗೊತ್ತಿರುವುದಿಲ್ಲ. ಆನ್‌ಲೈನ್‌ನಲ್ಲಿ ಕೊಳ್ಳುವುದಾದರೆ ರಿಸೀವರ್‌ನ ಎಡಮೈ, ಮೇಲ್ಮೈ, ಸ್ಕೋಪ್ ತೆಗೆದು ಅದರ ಕೆಳಗಿನ ಜಾಗ, ಇವುಗಳ ಫೋಟೋ ಕೇಳಿ. ಸ್ಕೋಪ್ ತೆಗೆಯಲು ಒಪ್ಪದವನ ಹತ್ತಿರ ಕೊಳ್ಳಬೇಡಿ.

‘ಅಜ್ಜ 1912ರಲ್ಲಿ ಸ್ಕೋಪ್ ಸಮೇತ ತಂದದ್ದು’ ಅನ್ನುವ ಕಥೆ ಎಲ್ಲರ ಹತ್ತಿರವೂ ಇರುತ್ತದೆ. ಕಾಗದ ಕೇಳಿ. ವಯೋಮಿಂಗ್‌ನ ಕೋಡಿಯಲ್ಲಿರುವ ಬಫಲೋ ಬಿಲ್ ಸೆಂಟರ್‌ನ ಬಂದೂಕು ಮ್ಯೂಸಿಯಂ ವಿಂಚೆಸ್ಟರ್‌ನ ಹಳೇ ಕಾರ್ಖಾನೆ ದಾಖಲೆಗಳನ್ನು ಇಟ್ಟುಕೊಂಡಿದೆ, ಹಳೇ ಮಾರ್ಲಿನ್‌ನದ್ದೂ ಕೆಲವು ಇವೆ. ಶುಲ್ಕ ಕಟ್ಟಿದರೆ ನಿಮ್ಮ ಸೀರಿಯಲ್ ನಂಬರ್‌ನ ರೈಫಲ್ ಯಾವಾಗ, ಯಾವ ರೂಪದಲ್ಲಿ ಹೊರಟಿತು ಅಂತ ಪತ್ರ ಕೊಡುತ್ತಾರೆ. ಎಲ್ಲ ನಂಬರ್‌ಗೂ ದಾಖಲೆ ಉಳಿದಿಲ್ಲ. 1894ರ ಮಾಡೆಲ್‌ನಲ್ಲಿ 3,53,999ರವರೆಗೆ ಮಾತ್ರ ಸಿಗುತ್ತದೆ. ಆಂಟಿಕ್ ಗಡಿಯ ಆಚೆ ಈಚೆ ಇರುವ ನಂಬರ್ ಆದರೆ ಈ ಪತ್ರ ತರಿಸಿಕೊಳ್ಳಲೇಬೇಕು, ಯಾಕೆಂದರೆ ಪುಸ್ತಕಗಳಲ್ಲಿ ಅಚ್ಚಾದ ವರ್ಷದ ಪಟ್ಟಿಗೂ ಕಾರ್ಖಾನೆಯ ದಾಖಲೆಗೂ ಕೆಲವು ಮಾಡೆಲ್‌ಗಳಲ್ಲಿ ತಾಳೆ ಆಗುವುದಿಲ್ಲ.

ಹೊಡೆಯುವ ಆಸೆ ಇದ್ದರೆ

ಮೊದಲು ಗನ್‌ಸ್ಮಿತ್‌ಗೆ ತೋರಿಸಿ, ಯಾವ ತೋಟಾಕ್ಕೆ ಮಾಡಿದ್ದು ಅನ್ನುವುದನ್ನು ನಳಿಗೆಯ ಮೇಲಿನ ಬರಹದಲ್ಲೂ, ಒಳಗಿನ ಅಳತೆಯಲ್ಲೂ ಖಚಿತ ಮಾಡಿಕೊಳ್ಳಿ. 1894ರ ಮಾಡೆಲ್‌ನ ಮೊದಮೊದಲ ವಿಂಚೆಸ್ಟರ್‌ಗಳು .32-40 ಮತ್ತು .38-55 ಕರಿಮದ್ದಿನ ತೋಟಾಕ್ಕೆ ಮಾಡಿದವು. ಹೊಗೆಯಿಲ್ಲದ ಮದ್ದಿನ .30-30 ಬಂದದ್ದು 1895ರಲ್ಲಿ, ಅದಕ್ಕೆ ಗಟ್ಟಿ ನಿಕಲ್ ಉಕ್ಕಿನ ನಳಿಗೆ ಬೇಕಾಯಿತು. ಕರಿಮದ್ದಿನ ಕಾಲದ ನಳಿಗೆಗೆ ಇವತ್ತಿನ ಬಿರುಸು ತೋಟಾ ಹಾಕಬೇಡಿ. ಇನ್ನೊಂದು, .303 ಸ್ಯಾವೇಜ್ ಮತ್ತು .303 ಬ್ರಿಟಿಷ್ ಹೆಸರಲ್ಲಿ ನಂಟರು, ತೋಟಾದಲ್ಲಿ ಅಲ್ಲ. ನಮ್ಮ ಪೊಲೀಸರ ಕೈಯಲ್ಲಿ ದಶಕಗಟ್ಟಲೆ ಇದ್ದ ತ್ರೀ ನಾಟ್ ತ್ರೀ ಎರಡನೆಯದು. ಒಂದರದು ಇನ್ನೊಂದಕ್ಕೆ ಹಾಕುವ ಹಾಗಿಲ್ಲ. ಪೇಟೆಯಲ್ಲಿ ಈಗಲೂ ಸಿಗುವುದು .30-30 ಧಾರಾಳವಾಗಿ, .300 ಸ್ಯಾವೇಜ್ ಆಗೊಮ್ಮೆ ಈಗೊಮ್ಮೆ. .22 ಹೈಪವರ್ ಸ್ಯಾವೇಜ್ ಕೊಂಡರೆ ತೋಟಾ ಹುಡುಕುವುದೇ ಇನ್ನೊಂದು ಹವ್ಯಾಸ ಆಗುತ್ತದೆ.

ಇಟ್ಟುಕೊಳ್ಳುವುದು, ಬಿಟ್ಟುಕೊಡುವುದು

ಚರ್ಮದ ಚೀಲದಲ್ಲಿ ಇಡಬೇಡಿ, ಎಷ್ಟೇ ಚಂದ ಇರಲಿ. ಚರ್ಮ ತೇವ ಹಿಡಿದು ತುಕ್ಕು ತರುತ್ತದೆ. ಬೀಗ ಇರುವ ಕಪಾಟು, ಒಳಗೆ ತೇವ ಹೀರುವ ಪೊಟ್ಟಣ, ಕಬ್ಬಿಣಕ್ಕೆ ತೆಳುವಾಗಿ ಮ್ಯೂಸಿಯಂನವರು ಬಳಸುವ ಮೇಣ, ಇಷ್ಟು ಸಾಕು. ಲೆನ್ಸ್‌ಗೆ ಮೊದಲು ಗಾಳಿ ಊದಿ ದೂಳು ತೆಗೆಯಿರಿ, ಆಮೇಲೆ ಮೆತ್ತನೆ ಬಟ್ಟೆ. ಕಿಟಕಿ ಗಾಜು ಒರೆಸುವ ದ್ರವದ ಹತ್ತಿರ ಹೋಗಬೇಡಿ. ಮಾಸಿದ ಬಣ್ಣವನ್ನು ಹೊಸದಾಗಿ ಮಾಡಿಸುವ ಯೋಚನೆ ಬಂದರೆ ಒಂದು ವಾರ ಸುಮ್ನೆ ಇರಿ, ಯೋಚನೆ ಹೋಗುತ್ತದೆ.

ಪ್ರತಿ ಜೋಡಿಗೂ ಒಂದು ಚೀಟಿ ಬರೆದಿಡಿ: ರೈಫಲ್ ಎಲ್ಲಿಂದ ಬಂತು, ಸ್ಕೋಪ್ ಎಲ್ಲಿಂದ ಬಂತು, ತೂತು ಹಳೆಯದೇ, ಜೋಡಿಸಿದ್ದು ನೀವೇನಾ. ಮುಂದೆ ಮಾರುವಾಗ ಆ ಚೀಟಿಯನ್ನು ಕೊಳ್ಳುವವನಿಗೆ ತೋರಿಸಿ, ನೀವು ಕೂಡಿಸಿದ ಜೋಡಿಯನ್ನು ಹಿಂದಿನಿಂದಲೂ ಹೀಗೇ ಇದ್ದದ್ದು ಅಂತ ಹೇಳಬೇಡಿ. ಬಿಡಿಬಿಡಿಯಾಗಿ ಮಾರಿದರೆ ದುಡ್ಡು ಜಾಸ್ತಿ ಬರಬಹುದು, ಅದರಲ್ಲೂ ಮೌಂಟ್ ಒಂದಕ್ಕೇ ಒಳ್ಳೇ ಬೆಲೆ ಹೇಳುವವರು ಸಿಗುತ್ತಾರೆ. ನಾನಂತೂ ಮೌಂಟ್ ಬಿಚ್ಚಿ ಕೊಡುವುದಿಲ್ಲ.